ಕಬ್ಬಿಣವೋ ಅಲ್ಯೂಮಿನಿಯಮೋ: ಉಪ್ಪುಗಾಳಿಯ ಊರಿನಲ್ಲಿ ಟ್ರೇಲರ್ ಆರಿಸುವ ಕ್ರಮ

ಟ್ರೇಲರ್ ಮಾಡಿಸಲು ಹೋದವರು ವರ್ಕ್‌ಶಾಪಿನಲ್ಲಿ ಮೊದಲು ಕೇಳುವುದು, ‘ಕಬ್ಬಿಣದ್ದು ಒಳ್ಳೆಯದಾ, ಅಲ್ಯೂಮಿನಿಯಂದು ಒಳ್ಳೆಯದಾ?’ ಎಂದು. ಎಡವಟ್ಟು ಶುರುವಾಗುವುದೇ ಅಲ್ಲಿ. ಲೋಹದ ಪ್ರಶ್ನೆ ಕೊನೆಗೆ ಬರಬೇಕಾದ್ದು. ಎಳೆಯುವ ಗಾಡಿಯ ಮಿತಿ, ಹೇರುವ ಹೊರೆ, ತಾಗುವ ನೀರು, ಬೆಸೆಯುವ ಕೈ ಇವು ನಾಲ್ಕೂ ಗೊತ್ತಾದರೆ ಲೋಹ ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ. ಈ ಕ್ರಮ ತಪ್ಪಿದರೆ ದುಬಾರಿ ಅಲ್ಯೂಮಿನಿಯಂ ಟ್ರೇಲರ್ ಕೂಡ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಕ್ಸಲ್ ಹಿಡಿಯುವ ಯು-ಬೋಲ್ಟಿನ ಬುಡದಲ್ಲಿ ಬಿಳಿ ಪುಡಿ ಉದುರಿಸುತ್ತದೆ. ಅಗ್ಗದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನದ್ದಾದರೆ ವೆಲ್ಡಿಂಗ್ ಸಾಲಿನುದ್ದಕ್ಕೂ ಕಂದು ನೀರು ಸುರಿಸುತ್ತದೆ.

ಇಲ್ಲಿರುವುದು ಜೀಪು, ಪಿಕಪ್, ದೊಡ್ಡ ಕಾರುಗಳ ಹಿಂದೆ ಎಳೆಯುವ ಒಂದೇ ಆಕ್ಸಲ್‌ನ ಸಣ್ಣ ಟ್ರೇಲರ್‌ಗಳ ಲೆಕ್ಕ: ದೋಣಿ, ಮೀನಿನ ಪೆಟ್ಟಿಗೆ, ತೋಟದ ಸಾಮಾನು ಸಾಗಿಸುವಂಥವು. ಟ್ರ್ಯಾಕ್ಟರಿಗೆ ಕಟ್ಟುವ ಟ್ರೇಲರ್‌ನ ಮಾತು ಬೇರೆ. ವರ್ಕ್‌ಶಾಪಿನವರು ‘ಕಬ್ಬಿಣ’ ಅಥವಾ ‘ಎಂ.ಎಸ್.’ ಎನ್ನುವುದು ಮೃದು ಉಕ್ಕಿಗೆ. ಮುಂದೆಯೂ ಅದೇ ಅರ್ಥದಲ್ಲಿ ಬಳಸಿದೆ.

## ಕೈಯಲ್ಲಿ ಇರಬೇಕಾದ್ದು

ಗಾಡಿಯ ಓನರ್ಸ್ ಮ್ಯಾನ್ಯುಯಲ್, ಅಳತೆ ಟೇಪ್, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ, ಸಣ್ಣ ಸುತ್ತಿಗೆ, ಟಾರ್ಚ್, ಮನೆಯಲ್ಲಿ ಮೈತೂಕ ನೋಡುವ ಯಂತ್ರ. ಲೇಪದ ದಪ್ಪ ಅಳೆಯುವ ಮೀಟರ್ ಕೊಳ್ಳಬೇಕಿಲ್ಲ; ಗ್ಯಾಲ್ವನೈಸಿಂಗ್, ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ, ಮಾಡುವವರಲ್ಲಿ ಇರುತ್ತದೆ, ನಿಮ್ಮ ಎದುರಿಗೇ ಅಳೆಯಲು ಹೇಳಿ. ಹಳೆಯ ಅಲ್ಯೂಮಿನಿಯಂ ಟ್ರೇಲರ್ ಕೊಳ್ಳುವವರು ಕಣ್ಣಿಗೆ ಕಾಣದ ಬಿರುಕು ತೋರಿಸುವ ಡೈ ಪೆನಿಟ್ರಂಟ್ ಕಿಟ್ ತರಿಸಿಕೊಳ್ಳಬೇಕು. ಅದರಲ್ಲಿ ಮೂರು ಸ್ಪ್ರೇ ಡಬ್ಬಿ ಇರುತ್ತವೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್.

## ಹಂತ 1: ಗಾಡಿಯ ಮಿತಿ, ಆಮೇಲೆ ಆರ್‌ಟಿಒ

ಮ್ಯಾನ್ಯುಯಲ್‌ನಲ್ಲಿ ಎಳೆಯುವ ತೂಕದ ಪುಟ ಹುಡುಕಿ. ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ಟ್ರೇಲರ್‌ಗೆ ಸ್ವಂತ ಬ್ರೇಕ್ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು. ಎರಡೂ ಟ್ರೇಲರ್ ಮತ್ತು ಹೊರೆ ಸೇರಿದ ಒಟ್ಟು ತೂಕ. ಇದನ್ನು ಬರೀ ಹೊರೆಯ ತೂಕ ಎಂದು ಓದಿಕೊಳ್ಳುವುದು ಎಲ್ಲಕ್ಕಿಂತ ಮಾಮೂಲಿ ತಪ್ಪು. ಹಿಚ್‌ನ (ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಇರುವ ಕೊಂಡಿ) ಮೇಲೆ ಬೀಳಬಹುದಾದ ಕೆಳಮುಖ ಭಾರಕ್ಕೂ ಬೇರೆಯೇ ಮಿತಿ ಇರುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ. ಮ್ಯಾನ್ಯುಯಲ್ ಎಳೆಯಬೇಡಿ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಎಷ್ಟೇ ಹಗುರದ ಅಲ್ಯೂಮಿನಿಯಂ ತಂದರೂ ಆ ಗಾಡಿಗೆ ಟ್ರೇಲರ್ ಇಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ಒಂದು ವಾಹನ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆ ಬೇಕು. ಒಟ್ಟು ತೂಕ 750 ಕಿಲೋ ತನಕ ಟಿ1 ವರ್ಗ, ಅಲ್ಲಿಂದ 3.5 ಟನ್ ತನಕ ಟಿ2. ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಮಂಗಳೂರಿನವರು ಕೆಎ-19ಕ್ಕೆ, ಉಡುಪಿಯವರು ಕೆಎ-20ಕ್ಕೆ, ಪುತ್ತೂರಿನವರು ಕೆಎ-21ಕ್ಕೆ, ತಯಾರಕರ ಅನುಮೋದನೆಯ ಯಾವ ಕಾಗದ ಬೇಕು ಎಂದು ವಿಚಾರಿಸಿ. ವರ್ಕ್‌ಶಾಪಿನವರು ಆ ಕಾಗದ ಕೊಡಬಲ್ಲರೇ ಎಂದು ಆಮೇಲೆ ಕೇಳಿ. ಟ್ರೇಲರ್ ಸಿದ್ಧವಾದ ಮೇಲೆ ಈ ಪ್ರಶ್ನೆ ಎತ್ತಿದರೆ ಅದು ಅಂಗಳದ ಶೆಡ್‌ನಲ್ಲೇ ಉಳಿಯುತ್ತದೆ.

## ಹಂತ 2: ಹೊರೆಯನ್ನು ಕಿಲೋದಲ್ಲಿ ಬರೆಯಿರಿ

ಅಂದಾಜು ಬೇಡ, ಪಟ್ಟಿ ಮಾಡಿ. 14 ಅಡಿಯ ಸಣ್ಣ ಫೈಬರ್ ದೋಣಿಯೊಂದು ಸುಮಾರು 180 ಕಿಲೋ ಎಂದಿಟ್ಟುಕೊಳ್ಳಿ. ಔಟ್‌ಬೋರ್ಡ್ ಎಂಜಿನ್ 50, ಟ್ಯಾಂಕಿನಲ್ಲಿ 25 ಲೀಟರ್ ಪೆಟ್ರೋಲ್ ಸುಮಾರು 18, ಲಂಗರು, ಹಗ್ಗ, ಬ್ಯಾಟರಿ, ಬಲೆ ಸೇರಿ 60. ಒಟ್ಟು 308 ಕಿಲೋ.

ಮೀನಿನ ಹೊರೆ ಹೀಗೆ ಮೋಸ ಮಾಡುತ್ತದೆ: 25 ಕಿಲೋ ಮೀನಿನ 20 ಪೆಟ್ಟಿಗೆ ಎಂದರೆ 500 ಕಿಲೋ ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ಖಾಲಿ ಪೆಟ್ಟಿಗೆ ಒಂದಕ್ಕೆ 2 ಕಿಲೋ, ಅಲ್ಲಿಗೆ 40. ಮೀನಿನ ಅರ್ಧದಷ್ಟೇ ಐಸ್ ಹಾಕಿದರೂ 250. ಆಯಿತು 790. ಟ್ರೇಲರ್ ಇನ್ನೂ ಸೇರಿಲ್ಲ.

ತೋಟದವರು ಒದ್ದೆ ಹೊರೆಯನ್ನು ಲೆಕ್ಕಕ್ಕೆ ಹಿಡಿಯಬೇಕು. 200 ಲೀಟರ್ ಡ್ರಮ್ ತುಂಬಿದರೆ 200 ಕಿಲೋ ನೀರು. ಅರ್ಧ ತುಂಬಿದ್ದರೆ ಅದಕ್ಕಿಂತ ಕೆಟ್ಟದ್ದು, ತಿರುವಿನಲ್ಲಿ ಆಚೀಚೆ ತುಳುಕುತ್ತದೆ. ಮಳೆಗಾಲದ ಒದ್ದೆ ಸೊಪ್ಪು, ಗೊಬ್ಬರ ಎರಡೂ ಬೇಸಿಗೆಯ ತೂಕದಲ್ಲಿ ಇರುವುದಿಲ್ಲ.

ಬ್ರೇಕ್ ಬೇಕೇ ಬೇಡವೇ ಎಂಬುದೂ ಇಲ್ಲಿಯೇ ನಿಕ್ಕಿಯಾಗಬೇಕು. ಮಲ್ಪೆಯಿಂದ ಮಣಿಪಾಲಕ್ಕೆ ಓಡಾಡುವ ಟ್ರೇಲರ್ ಬೇರೆ, ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿದು ಹೆಬ್ರಿಗೆ ಬರುವ ಟ್ರೇಲರ್ ಬೇರೆ. ಶಿರಾಡಿ, ಚಾರ್ಮಾಡಿ ಇಳಿಯುವವರಿಗೂ ಇದೇ ಮಾತು. ಘಾಟಿ ನಿಮ್ಮ ದಾರಿಯಲ್ಲಿ ಇದ್ದರೆ, ಮ್ಯಾನ್ಯುಯಲ್‌ನ ಮಿತಿಯೊಳಗೇ ಇದ್ದರೂ ಟ್ರೇಲರ್‌ಗೆ ಸ್ವಂತ ಬ್ರೇಕ್ ಇರುವುದೇ ಸರಿ. ಲೋಹಕ್ಕೆ ಸುರಿಯುವ ಹೆಚ್ಚುವರಿ ಹಣ ಮೊದಲು ಬ್ರೇಕಿಗೆ ಹೋಗಲಿ.

## ಹಂತ 3: ಟ್ರೇಲರ್‌ನ ಸ್ವಂತ ತೂಕ

ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ತೂಕ ಎಂಬುದು ನಿಜ: ಒಂದು ಘನ ಮೀಟರ್ ಉಕ್ಕು 7,850 ಕಿಲೋ, ಅಲ್ಯೂಮಿನಿಯಂ ಸುಮಾರು 2,700. ಹಾಗೆಂದು ಟ್ರೇಲರ್ ಮೂರನೇ ಒಂದಕ್ಕೆ ಇಳಿಯುವುದಿಲ್ಲ. ಇದಕ್ಕೆ ಎರಡು ಕಾರಣ. ಆಕ್ಸಲ್, ಚಕ್ರದ ನಡುವಿನ ಹಬ್, ಪಟ್ಟಿ ಸ್ಪ್ರಿಂಗ್, ಚಕ್ರ, ಹಿಚ್‌ಗೆ ಸಿಕ್ಕಿಸುವ ಕಪ್ಲರ್ ಸಾಮಾನ್ಯವಾಗಿ ಯಾವ ಟ್ರೇಲರ್‌ನಲ್ಲೂ ಉಕ್ಕಿನವೇ. ಇನ್ನೊಂದು, ಅಲ್ಯೂಮಿನಿಯಂ ಅದೇ ಅಳತೆಯಲ್ಲಿ ಮೂರು ಪಟ್ಟು ಹೆಚ್ಚು ಬಾಗುತ್ತದೆ. ಆದ್ದರಿಂದ 50×50×3 ಮಿ.ಮೀ. ಕಬ್ಬಿಣದ ಟ್ಯೂಬ್ ಇದ್ದಲ್ಲಿ 75×50×4ರ ಅಲ್ಯೂಮಿನಿಯಂ ಟ್ಯೂಬ್ ಬೇಕು, ಅದೂ 75ರ ಬದಿಯನ್ನು ನಿಲ್ಲಿಸಿ. ಆಗ ಮಾತ್ರ ಬಿಗಿ ಸರಿಸುಮಾರು ಒಂದೇ ಆಗುತ್ತದೆ. ಅಳತೆ ಬದಲಿಸದೆ ಲೋಹ ಮಾತ್ರ ಬದಲಿಸುವ ವರ್ಕ್‌ಶಾಪಿನಿಂದ ಹಾಗೆಯೇ ಎದ್ದು ಬನ್ನಿ.

3 ಮೀಟರ್ ಉದ್ದ, 1.5 ಮೀಟರ್ ಅಗಲ, 40 ಸೆಂ.ಮೀ. ಎತ್ತರದ ಬದಿಗಳಿರುವ ಟ್ರೇಲರ್ ಒಂದರ ಲೆಕ್ಕ ನೋಡಿ.

ಚಾಸಿ, ಸುಮಾರು 20 ಮೀಟರ್ ಟ್ಯೂಬ್: ಕಬ್ಬಿಣದಲ್ಲಿ 86 ಕಿಲೋ, ಅಲ್ಯೂಮಿನಿಯಂನಲ್ಲಿ 50.

ನೆಲ, 4.5 ಚದರ ಮೀಟರ್: 3 ಮಿ.ಮೀ. ಕಬ್ಬಿಣದ ಶೀಟ್ 106 ಕಿಲೋ, 4 ಮಿ.ಮೀ. ಅಲ್ಯೂಮಿನಿಯಂ 49.

ಬದಿ, 3.6 ಚದರ ಮೀಟರ್: 1.6 ಮಿ.ಮೀ. ಕಬ್ಬಿಣ 45 ಕಿಲೋ, 2 ಮಿ.ಮೀ. ಅಲ್ಯೂಮಿನಿಯಂ 19.

ಆಕ್ಸಲ್, ಚಕ್ರ, ಸ್ಪ್ರಿಂಗ್, ಕಪ್ಲರ್, ಲೈಟು: ಎರಡಕ್ಕೂ ಸುಮಾರು 100 ಕಿಲೋ.

ಕಬ್ಬಿಣದ್ದು 337, ಅಲ್ಯೂಮಿನಿಯಂದು 218. ಉಳಿತಾಯ 119 ಕಿಲೋ. ಆದರೆ ಅದು ಎಲ್ಲಿಂದ ಬಂತು ನೋಡಿ. ಚಾಸಿಯಿಂದ ಬಂದದ್ದು 36 ಕಿಲೋ ಮಾತ್ರ, ನೆಲ ಮತ್ತು ಬದಿಗಳಿಂದ 83. ಅಂದರೆ ಚಾಸಿ ಕಬ್ಬಿಣದ್ದೇ ಇಟ್ಟು, ಮೇಲಿನ ತೊಟ್ಟಿಯನ್ನಷ್ಟೇ ಅಲ್ಯೂಮಿನಿಯಂ ಮಾಡಿಸಿದರೂ ಉಳಿತಾಯದ ಮುಕ್ಕಾಲು ಪಾಲಿನ ಹತ್ತಿರ ಕೈಗೆ ಬರುತ್ತದೆ. ಪೂರ್ತಿ ಅಲ್ಯೂಮಿನಿಯಂ ಎನ್ನುವವರು ಈ ಒಂದು ಲೆಕ್ಕ ಹಾಕಿ ನೋಡಿರುವುದೇ ಅಪರೂಪ. ಇನ್ನೂ ಅಗ್ಗದ ದಾರಿಯೂ ಇದೆ: ನೆಲಕ್ಕೆ 12 ಮಿ.ಮೀ.ನ ಐಎಸ್ 710 (ಐಎಸ್ ಎಂದರೆ ಭಾರತೀಯ ಮಾನಕ) ಮರೀನ್ ಪ್ಲೈವುಡ್. 4.5 ಚದರ ಮೀಟರಿಗೆ 40 ಕಿಲೋ ಒಳಗೇ ಬರುತ್ತದೆ. ಕೊಯ್ದ ಅಂಚಿಗೆ, ತೂತಿನ ಒಳಗೆ ಎಪಾಕ್ಸಿ ಬಳಿಯಲು ಮರೆತರೆ ಮಾತ್ರ ಒಂದೇ ಮಳೆಗಾಲದಲ್ಲಿ ಪದರ ಬಿಡುತ್ತದೆ.

ದೋಣಿಯ ಟ್ರೇಲರ್‌ಗೆ ನೆಲವೂ ಇಲ್ಲ, ಬದಿಯೂ ಇಲ್ಲ. ಅಲ್ಲಿ ಅಲ್ಯೂಮಿನಿಯಂನಿಂದ ಉಳಿಯುವುದು ಚಾಸಿಯ 36 ಕಿಲೋ ಮಾತ್ರ. ದೋಣಿಯವರು ಅಲ್ಯೂಮಿನಿಯಂ ಬೇಕೆಂದರೆ ತುಕ್ಕಿನ ಕಾರಣಕ್ಕೆ ಕೇಳಲಿ, ತೂಕದ ಕಾರಣ ಹೇಳುವುದು ಬೇಡ.

ಈಗ ಹಂತ 2ರ ಮೀನಿನ ಹೊರೆಗೆ ಮರಳಿ. 790ಕ್ಕೆ 337 ಸೇರಿದರೆ 1,127. ಅಲ್ಯೂಮಿನಿಯಂ ಆದರೆ 1,008. ಬ್ರೇಕ್ ಇಲ್ಲದ ಟ್ರೇಲರ್‌ಗೆ ನಿಮ್ಮ ಗಾಡಿಯ ಮಿತಿ 750 ಇದ್ದರೆ ಎರಡೂ ಆಗದು. ಇಲ್ಲಿ ಬೇಕಿರುವುದು ಬ್ರೇಕ್ ಇರುವ ಟ್ರೇಲರ್ ಅಥವಾ ಕಡಿಮೆ ಪೆಟ್ಟಿಗೆ. ಮಿತಿಯ ಅಂಚಿನಲ್ಲಿ, 50ರಿಂದ 120 ಕಿಲೋದಷ್ಟು ವ್ಯತ್ಯಾಸದಲ್ಲಿ ಒದ್ದಾಡುವವರಿಗೆ ಮಾತ್ರ ಅಲ್ಯೂಮಿನಿಯಂನ ಹಗುರ ಕೆಲಸಕ್ಕೆ ಬರುತ್ತದೆ.

## ಹಂತ 4: ಏನು ತಾಗುತ್ತದೆ, ಎಲ್ಲಿ ನಿಲ್ಲುತ್ತದೆ

ಬಹಳ ಜನ ಹಾರಿಸಿಬಿಡುವ ಹಂತ ಇದು, ಟ್ರೇಲರ್ ಹಾಳಾಗುವುದೂ ಇಲ್ಲಿಯೇ.

ಉಪ್ಪುನೀರು. ನೀರಿಗಿಳಿಸಿ ದೋಣಿ ಬಿಡುವುದಾದರೆ ಬರೀ ಬಣ್ಣ ಬಳಿದ ಕಬ್ಬಿಣವನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಅದ್ದಿದ ಸತುವಿನ ಲೇಪ ಇರುವ ಕಬ್ಬಿಣ ಅಥವಾ ಹಂತ 7ರಲ್ಲಿ ಹೇಳಿದ ಗ್ರೇಡಿನ ಅಲ್ಯೂಮಿನಿಯಂ, ಇವೆರಡೇ ಉಳಿಯುತ್ತವೆ. ‘ನಮ್ಮದು ಹೊಳೆ, ಸಮುದ್ರ ಅಲ್ಲ’ ಎನ್ನುವವರು ಬೇಸಿಗೆಯಲ್ಲಿ ಒಮ್ಮೆ ನೀರು ನಾಲಿಗೆಗೆ ಮುಟ್ಟಿಸಿ ನೋಡಲಿ. ಅಳಿವೆಯ ಹತ್ತಿರ ಹೊಳೆಯ ಹರಿವು ಇಳಿದಾಗ ಭರತದ ಜೊತೆ ಉಪ್ಪು ಮೇಲೇರುತ್ತದೆ.

ಮೀನಿನ ನೀರು. ಐಸ್ ಕರಗಿ ಬರುವ ಉಪ್ಪು ಬೆರೆತ ನೀರು ನೆಲದ ಮೂಲೆಯಲ್ಲಿ ನಿಲ್ಲುತ್ತದೆ. ನೆಲವನ್ನು ಹಿಂದಕ್ಕೆ ತುಸು ಇಳಿಜಾರು ಮಾಡಿಸಿ, ಮೂಲೆಗಳಲ್ಲಿ ತೂತು ಇಡಿಸಿ, ತೂತಿನ ಕೆಳಗೆ ಚಾಸಿ ಬಾರದಂತೆ ನೋಡಿಕೊಳ್ಳಿ.

ಮೈಲುತುತ್ತು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರು ಅಲ್ಯೂಮಿನಿಯಂ ತೊಟ್ಟಿಯ ಆಸೆ ಬಿಡುವುದು ಒಳ್ಳೆಯದು. ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರ ಅಲ್ಯೂಮಿನಿಯಂ ಮೇಲೆ ಕಣಕಣವಾಗಿ ಕೂತು, ಪ್ರತಿ ಕಣದ ಸುತ್ತಲೂ ಲೋಹವನ್ನು ಸೂಜಿಯಿಂದ ಚುಚ್ಚಿದಂತೆ ತಿನ್ನುತ್ತದೆ. ಸುಣ್ಣದ ಕ್ಷಾರ ಅಲ್ಯೂಮಿನಿಯಂನ ರಕ್ಷಣಾ ಪದರವನ್ನೇ ಕರಗಿಸುತ್ತದೆ. ಸತುವಿನ ಲೇಪಕ್ಕೂ ಇದು ಒಳ್ಳೆಯದಲ್ಲ. ಆದರೆ 3 ಮಿ.ಮೀ. ಕಬ್ಬಿಣಕ್ಕೆ ಎಪಾಕ್ಸಿ ಬಳಿದು, ಡ್ರಮ್ಮಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟು, ಸಂಜೆ ನೀರು ಸುರಿದು ತೊಳೆದರೆ ತಡೆದುಕೊಳ್ಳುತ್ತದೆ. ತಾಮ್ರ ಬೆರೆತ ಮದ್ದು ಹಾಕಿದ ಮರದ ತುಂಡನ್ನು ದೋಣಿಯ ಆಸರೆಗೆಂದು ಅಲ್ಯೂಮಿನಿಯಂ ಮೇಲೆ ಕೂರಿಸುವುದೂ ಇದೇ ಜಾತಿಯ ತಪ್ಪು.

ಸಿಮೆಂಟ್, ಕೆಂಪುಕಲ್ಲು, ದನ. ಹಸಿ ಸಿಮೆಂಟ್ ಕ್ಷಾರ. ಅಲ್ಯೂಮಿನಿಯಂ ಮೇಲೆ ಚೆಲ್ಲಿದರೆ ಒಣಗುವ ಮೊದಲೇ ತೊಳೆಯಬೇಕು. ಕೆಂಪುಕಲ್ಲನ್ನು ಎತ್ತಿ ಇಡುವವರಿಲ್ಲ, ಎಸೆಯುತ್ತಾರೆ; ಅಲ್ಯೂಮಿನಿಯಂ ಶೀಟ್ ತಗ್ಗಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಕಲ್ಲು ಹೇರುವವರಿಗೆ ಕಬ್ಬಿಣವೇ. ಎಮ್ಮೆ, ಕೋಣ, ದನ ಸಾಗಿಸುವುದಾದರೆ ಗಂಜಲ ಎರಡೂ ಲೋಹಕ್ಕೆ ಶತ್ರು. ರಬ್ಬರ್ ಮ್ಯಾಟ್ ಹಾಕಿ, ಆದರೆ ಪ್ರತಿಸಲ ಎತ್ತಿ ತೊಳೆಯಿರಿ. ಮ್ಯಾಟಿನಡಿಯ ಒದ್ದೆಯೇ ಹೆಚ್ಚು ತಿನ್ನುತ್ತದೆ.

ನಿಲ್ಲುವ ಜಾಗ. ಕಡಲತಡಿಯ ಮನೆಯಲ್ಲಿ ನೀರಿಗಿಳಿಯದ ಟ್ರೇಲರ್ ಕೂಡ ಉಪ್ಪು ತಿನ್ನುತ್ತದೆ. ಟಾರ್ಪಾಲಿನ್ ಸುತ್ತಿ ಕಟ್ಟಿದರೆ ಒಳಗೆ ಬೆವರುತ್ತದೆ. ಮೇಲೆ ಮಾಡು, ಸುತ್ತ ಗಾಳಿ, ಚಕ್ರದಡಿ ಹಲಗೆ ಇದ್ದರೆ ಸಾಕು.

## ಹಂತ 5: ಈಗ ತೀರ್ಮಾನ

ತೂಕದ ಮಿತಿ ಬಿಗಿಯಾಗಿಲ್ಲ, ಹೊರೆ ಒರಟು ಎಂದಾದರೆ ಅದ್ದಿದ ಗ್ಯಾಲ್ವನೈಸ್ಡ್ ಕಬ್ಬಿಣ. ಕರಾವಳಿಯ ಹೆಚ್ಚಿನವರ ಉತ್ತರ ಇದೇ. ಮಿತಿ ಬಿಗಿ, ಹೊರೆ ಮೃದು, ರಾಸಾಯನಿಕದ ಸಂಪರ್ಕ ಇಲ್ಲವೆಂದರೆ ಗ್ಯಾಲ್ವನೈಸ್ಡ್ ಚಾಸಿಯ ಮೇಲೆ ಅಲ್ಯೂಮಿನಿಯಂ ತೊಟ್ಟಿ. ಪೂರ್ತಿ ಅಲ್ಯೂಮಿನಿಯಂ ಯೋಗ್ಯವಾಗುವುದು ಅದನ್ನು ಸರಿಯಾಗಿ ಬೆಸೆಯಬಲ್ಲವರು ಹತ್ತಿರದಲ್ಲೇ ಇದ್ದಾಗ, ಮತ್ತು ದುರಸ್ತಿಗೂ ಅವರೇ ಸಿಗುವಾಗ. ನಡುರಾತ್ರಿ ಕಾರ್ಕಳದ ಬಳಿ ಸೀಳು ಬಿಟ್ಟ ಕಬ್ಬಿಣಕ್ಕೆ ಯಾವ ಗ್ಯಾರೇಜಿನವನೂ ಟಾಕಿ ಹಾಕಿಕೊಡಬಲ್ಲ, ಅಲ್ಯೂಮಿನಿಯಂಗೆ ಆಗದು.

ಬೆಲೆ ಕೇಳುವಾಗ ಒಟ್ಟು ಮೊತ್ತದ ಜೊತೆ ಲೋಹದ ಗ್ರೇಡ್, ದಪ್ಪ, ಅಂದಾಜು ತೂಕವನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಇವು ಮೂರೂ ಇಲ್ಲದ ಎರಡು ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

## ಹಂತ 6: ಕಬ್ಬಿಣ ಎಂದಾದರೆ

‘ಜಿ.ಐ.’ ಎಂಬ ಎರಡಕ್ಷರದಲ್ಲಿ ಅಡಗಿರುವ ವ್ಯತ್ಯಾಸ ದೊಡ್ಡದು. ಅಂಗಡಿಯಲ್ಲಿ ಹೊಳೆಯುವ ರೆಡಿಮೇಡ್ ಜಿ.ಪಿ. ಟ್ಯೂಬಿನಲ್ಲಿ (ಮೊದಲೇ ಸತು ಲೇಪಿಸಿದ ಶೀಟಿನಿಂದ ಮಾಡಿದ್ದು), ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಲೇಪದ್ದಾದರೆ, ಪ್ರತಿ ಬದಿಗೆ ಸತು 8–9 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಇರುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಇಡೀ ಚಾಸಿಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಅದ್ದಿದರೆ, ಐಎಸ್ 4759ರ ಪ್ರಕಾರ 5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್. 2ರಿಂದ 5 ಮಿ.ಮೀ. ಒಳಗಿನದಕ್ಕೆ 460 ಗ್ರಾಂ, ಸುಮಾರು 65 ಮೈಕ್ರಾನ್. ಏಳೆಂಟು ಪಟ್ಟು ಹೆಚ್ಚು. ಮೇಲಾಗಿ ಜಿ.ಪಿ. ಟ್ಯೂಬನ್ನು ಬೆಸೆದ ಜಾಗದಲ್ಲೆಲ್ಲ ಆ 8 ಮೈಕ್ರಾನ್ ಕೂಡ ಸುಟ್ಟುಹೋಗಿರುತ್ತದೆ. ತುಕ್ಕು ವೆಲ್ಡಿಂಗ್ ಸಾಲಿನಿಂದಲೇ ಶುರುವಾಗುವುದು ಇದರಿಂದ.

ಕೆಲಸದ ಕ್ರಮ ಹೀಗಿರಲಿ:

1. ಗ್ಯಾಲ್ವನೈಸಿಂಗ್ ಘಟಕದಲ್ಲಿ ಸತು ಕರಗಿಸುವ ತೊಟ್ಟಿಯ ಉದ್ದ, ಆಳ ಕೇಳಿ. ಚಾಸಿ ಅದರಲ್ಲಿ ಮುಳುಗದಿದ್ದರೆ ಮುಂದಿನ ತ್ರಿಕೋನದ ಭಾಗವನ್ನು ಬೋಲ್ಟಿನಿಂದ ಜೋಡಿಸುವಂತೆ ನಕ್ಷೆ ಬದಲಿಸಿ.
2. 3 ಮಿ.ಮೀ.ಗಿಂತ ತೆಳ್ಳಗಿನ ಟ್ಯೂಬ್ ಬೇಡ. ನೀರಿಗಿಳಿಯುವ ಟ್ರೇಲರ್ ಆದರೆ ಟ್ಯೂಬ್‌ಗಿಂತ ತೆರೆದ ಸಿ-ಚಾನಲ್ ವಾಸಿ: 75 ಮಿ.ಮೀ. ಎತ್ತರದ ಚಾನಲ್ (ಐಎಸ್ಎಂಸಿ 75) ಮೀಟರಿಗೆ 7.14 ಕಿಲೋ ತೂಗುತ್ತದೆ, ಭಾರ ಹೌದು. ಆದರೆ ಒಳಗೆ ಉಪ್ಪು ಅವಿತುಕೊಳ್ಳುವುದಿಲ್ಲ, ಪೈಪ್ ಹಿಡಿದು ತೊಳೆಯಬಹುದು.
3. ಲೈಟಿನ ಬ್ರಾಕೆಟ್, ನಂಬರ್ ಪ್ಲೇಟಿನ ಪಟ್ಟಿ, ಹಗ್ಗ ಕಟ್ಟುವ ಬಳೆ, ಎಲ್ಲ ತೂತು, ಎಲ್ಲ ವೆಲ್ಡಿಂಗ್ ಅದ್ದುವ ಮೊದಲೇ ಮುಗಿಯಲಿ.
4. ಪ್ರತಿ ಟ್ಯೂಬಿನ ಎರಡೂ ತುದಿಯಲ್ಲಿ, ಎದುರುಬದುರು ಮೂಲೆಗಳಲ್ಲಿ, 10–12 ಮಿ.ಮೀ. ತೂತು ಇರಬೇಕು. ಮುಚ್ಚಿದ ಟ್ಯೂಬ್ ಸತುವಿಗಿಳಿದರೆ ಒಳಗಿನ ತೇವ ಆವಿಯಾಗಿ ಸಿಡಿಯುತ್ತದೆ. ಘಟಕದವರ ಜೀವಕ್ಕೇ ಅಪಾಯ. ಮುಂದೆ ನೀರು ಬಸಿಯುವುದೂ ಇದೇ ತೂತಿನಿಂದ.
5. ವೆಲ್ಡಿಂಗ್‌ನ ಸ್ಲ್ಯಾಗ್ (ಸಾಲಿನ ಮೇಲೆ ಕೂರುವ ಗಟ್ಟಿ ಕಿಟ್ಟ) ಪೂರ್ತಿ ಕೆರೆಯಿರಿ. ಸ್ಲ್ಯಾಗ್ ಮತ್ತು ಬಣ್ಣದ ಗುರುತಿನ ಮೇಲೆ ಸತು ಹಿಡಿಯುವುದಿಲ್ಲ.
6. ತೆಳು ಶೀಟನ್ನು ಚಾಸಿಗೆ ಬೆಸೆದು ಅದ್ದಬೇಡಿ, ಸೊಟ್ಟಗಾಗುತ್ತದೆ. ನೆಲವನ್ನು ಆಮೇಲೆ ಬೋಲ್ಟ್ ಮಾಡಿ.

ಅದ್ದಿದ ಮೇಲೆ ಬೆಸೆಯಲೇಬೇಕಾಗಿ ಬಂದರೆ ಸಾಲಿನ ಎರಡೂ ಕಡೆ ಎರಡು–ಮೂರು ಸೆಂ.ಮೀ. ಸತು ತಿಕ್ಕಿ ತೆಗೆದು, ಬಯಲು ಗಾಳಿಯಲ್ಲಿ ಬೆಸೆಯಿರಿ. ಸತುವಿನ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಆಮೇಲೆ ಸತುವಿನ ಅಂಶ ಹೆಚ್ಚಿರುವ ಪೇಂಟ್ ಎರಡು ಕೋಟ್. ಬೆಳ್ಳಿ ಬಣ್ಣದ ಸಾದಾ ಸ್ಪ್ರೇ ನೋಡಲು ಹಾಗೇ ಕಾಣುತ್ತದೆ, ಕೆಲಸ ಮಾಡುವುದಿಲ್ಲ.

ಗ್ಯಾಲ್ವನೈಸಿಂಗ್ ಸಾಧ್ಯವೇ ಇಲ್ಲ, ಬಣ್ಣವೇ ಗತಿ ಎಂದಾದರೆ: ಮರಳು ಬ್ಲಾಸ್ಟಿಂಗ್, ಎಪಾಕ್ಸಿ ಝಿಂಕ್ ಪ್ರೈಮರ್, ಮೇಲೆ ಎಪಾಕ್ಸಿ, ಕೊನೆಗೆ ಪಿ.ಯು. (ಪಾಲಿಯುರಿಥೇನ್) ಬಣ್ಣ. ತುಕ್ಕಿನ ಮೇಲೆ ರೆಡ್ ಆಕ್ಸೈಡ್ ಬಳಿಯುವುದು ತುಕ್ಕಿಗೆ ಹೊದಿಕೆ ಹೊದಿಸಿದಂತೆ. ಗಾಳಿಯ ತೇವ ಶೇ. 85 ದಾಟಿದ ದಿನ ಬಣ್ಣದ ಕೆಲಸ ಬೇಡ. ಅಂದರೆ ಜೂನ್, ಜುಲೈ, ಆಗಸ್ಟ್ ಬಿಟ್ಟುಬಿಡಿ. ದೋಣಿಗಳು ದಡದಲ್ಲಿರುವ ಸಮಯ ಎಂದು ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲೇ ಟ್ರೇಲರ್‌ಗೂ ಬಣ್ಣ ಹಚ್ಚಿಸುವವರಿದ್ದಾರೆ. ಬಿಡುವಿಗೆ ಅದು ಅನುಕೂಲ, ಬಣ್ಣಕ್ಕೆ ಪೂರಾ ಪ್ರತಿಕೂಲ.

## ಹಂತ 7: ಅಲ್ಯೂಮಿನಿಯಂ ಎಂದಾದರೆ

ಮೊದಲು ಗ್ರೇಡ್. ಶೀಟಿಗೆ 5052 ಅಥವಾ 5083, ತೊಲೆಗೆ 6061-ಟಿ6. ಗ್ರೇಡ್ ಬರೆದಿರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದು ಇಲ್ಲವೆಂದರೆ, ಸಿಗುವ ಮಾಲು ಬಹುಶಃ ಕಿಟಕಿ ಬಾಗಿಲಿಗೆ ಬಳಸುವ 6063. ಚಂದ ಇರುತ್ತದೆ, ಚಾಸಿಗೆ ಸಾಲದು.

ಬೆಸುಗೆಯಲ್ಲಿ ಎರಡು ವಿಷಯ ಅರ್ಥವಾದರೆ ಉಳಿದದ್ದು ಅರ್ಥವಾಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಮಿಗಿಲಾದ ಬಿಸಿ ಬೇಕು. ಪದರ ತೆಗೆಯದೆ ಬೆಸೆದರೆ ಮೇಲೆ ಅಂಟಿದಂತೆ ಕಾಣುತ್ತದೆ, ಒಳಗೆ ಕೂಡಿರುವುದಿಲ್ಲ. ಅದಕ್ಕೇ ಅಸಿಟೋನ್‌ನಲ್ಲಿ ಒರೆಸಿ, ಅಲ್ಯೂಮಿನಿಯಂಗೆಂದೇ ಎತ್ತಿಟ್ಟ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಬೇಕು. ಕಬ್ಬಿಣ ಉಜ್ಜಿದ ಬ್ರಷ್ ತಂದರೆ ಕಬ್ಬಿಣದ ಚೂರು ಕೂತು ಅಲ್ಲೇ ತಿನ್ನಲು ಶುರು. ಶುದ್ಧ ಆರ್ಗಾನ್ ಅನಿಲ, ಎ.ಸಿ. ಟಿಗ್ ಅಥವಾ ಪಲ್ಸ್ ಮಿಗ್ ಬೆಸುಗೆ ಯಂತ್ರ, 5356 ಗ್ರೇಡಿನ ಬೆಸುಗೆ ವೈರ್ ಇರಬೇಕು. ಇವುಗಳ ಹೆಸರು ಕೇಳಿದಾಗ ವರ್ಕ್‌ಶಾಪಿನವರು ತಡವರಿಸಿದರೆ ಬೇರೆ ಕಡೆ ನೋಡಿ.

ಎರಡನೆಯದು, 6061-ಟಿ6ನ್ನು ಬೆಸೆದಾಗ ಸಾಲಿನ ಎರಡೂ ಕಡೆ ಸುಮಾರು 25 ಮಿ.ಮೀ. ತನಕ ಅದರ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಹೆಚ್ಚು ಬಾಗುವ ಜಾಗದಲ್ಲಿ, ಅಂದರೆ ಎಳೆಯುವ ಕೈ ಚಾಸಿಗೆ ಸೇರುವಲ್ಲಿ ಮತ್ತು ಸ್ಪ್ರಿಂಗಿನ ಹ್ಯಾಂಗರ್ ಹತ್ತಿರ, ತೊಲೆಯ ಮೇಲ್ಮೈ ಕೆಳಮೈಗೆ ಅಡ್ಡವಾಗಿ ವೆಲ್ಡಿಂಗ್ ಇರಬಾರದು. ಅಲ್ಲಿ ಬೋಲ್ಟ್. ತೂತು ಕೊರೆಯುವುದೂ ತೊಲೆಯ ನಿಂತ ಬದಿಯಲ್ಲಿ. ಉಕ್ಕು ಒಂದು ಮಟ್ಟಕ್ಕಿಂತ ಕಡಿಮೆ ಕುಲುಕಾಟವನ್ನು ಎಷ್ಟು ಕಾಲ ಬೇಕಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸುರಕ್ಷಿತ ಮಟ್ಟವೇ ಇಲ್ಲ, ಪ್ರತಿ ಕುಲುಕೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಒಳರಸ್ತೆಯ ಹೊಂಡಗಳಲ್ಲಿ ಆ ಲೆಕ್ಕ ಬೇಗ ಬೆಳೆಯುತ್ತದೆ.

## ಹಂತ 8: ಎರಡು ಲೋಹ ಕೂಡುವ ಜಾಗ

ಅಲ್ಯೂಮಿನಿಯಂಗೆ ಬೇರೆ ಲೋಹ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ಹೆಚ್ಚಾಗಿ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಸತು ಮತ್ತು ಅಲ್ಯೂಮಿನಿಯಂ ಸ್ವಭಾವದಲ್ಲಿ ಹತ್ತಿರದವು. ಹಾಗಾಗಿ ಗ್ಯಾಲ್ವನೈಸ್ಡ್ ಚಾಸಿ ಮೇಲೆ ಅಲ್ಯೂಮಿನಿಯಂ ತೊಟ್ಟಿ ನಡೆಯುತ್ತದೆ. ಬರೀ ಕಬ್ಬಿಣದ ಮೇಲಾದರೆ ನಡೆಯದು.

ಆದರೂ ತಡೆ ಇಡಬೇಕು: ಲೋಹದ ನಡುವೆ 3 ಮಿ.ಮೀ.ನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಅಥವಾ ನೈಲಾನ್ ಪಟ್ಟಿ, ಬೋಲ್ಟಿನ ಮೈಗೆ ನೈಲಾನ್ ತೋಳು, ತಲೆಯಡಿ ನೈಲಾನ್ ವಾಷರ್, ಅಂಚಿಗೆ ಸೀಲಂಟ್. ಮರದ ಚೂರು, ಗೋಣಿ ತುಂಡು ನೀರು ಹಿಡಿಯುತ್ತವೆ, ಇಡದಿದ್ದರೇ ವಾಸಿ.

ದೊಡ್ಡ ಅಲ್ಯೂಮಿನಿಯಂ ಮೈಯಲ್ಲಿ ಸಣ್ಣ 316 ಸ್ಟೇನ್‌ಲೆಸ್ ಬೋಲ್ಟ್, ತಡೆಯ ಸಮೇತ, ಬಾಳಿಕೆ ಬರುತ್ತದೆ. ಇದರ ತಿರುಗುಮುರುಗು, ಅಂದರೆ ಕಬ್ಬಿಣದ ಶೀಟಿಗೆ ಅಲ್ಯೂಮಿನಿಯಂ ರಿವೆಟ್, ಒಂದೆರಡು ವರ್ಷದಲ್ಲಿ ರಿವೆಟ್ಟನ್ನೇ ನುಂಗುತ್ತದೆ. ಬೋಲ್ಟಿಗೆ ತಾಮ್ರದ ಪುಡಿ ಬೆರೆತ ಗ್ರೀಸ್ ಹಚ್ಚಬೇಡಿ, ಗ್ರಾಫೈಟ್ ಗ್ರೀಸೂ ಬೇಡ. ಆಕ್ಸಲ್ ಹಿಡಿಯುವ ಬೋಲ್ಟುಗಳು 8.8 ಗ್ರೇಡಿನ, ಅದ್ದಿದ ಗ್ಯಾಲ್ವನೈಸ್ಡ್ ಆಗಿರಲಿ.

ಲೈಟಿನ ಅರ್ಥಿಂಗ್ ಅನ್ನು ಚಾಸಿಯ ಮೂಲಕ ತರುವ ಚಾಳಿ ಬಿಡಿಸಿ. ಪ್ರತಿ ಲೈಟಿಗೂ ಪ್ಲಗ್ ತನಕ ಪ್ರತ್ಯೇಕ ಅರ್ಥ್ ವೈರ್ ಬೇಕು. ಚಾಸಿಯಲ್ಲಿ ಕರೆಂಟು ಹರಿದರೆ ಕೀಲುಗಳಲ್ಲಿ ತುಕ್ಕು ಚುರುಕಾಗುತ್ತದೆ, ಲೈಟೂ ಮಿಣುಕುತ್ತದೆ.

## ಹಂತ 9: ಹಣ ಪೂರ್ತಿ ಕೊಡುವ ಮೊದಲು

ಖಾಲಿ ಟ್ರೇಲರ್ ಅನ್ನು ವೇಬ್ರಿಡ್ಜ್‌ಗೆ ಒಯ್ಯಿರಿ. ಬರೆದುಕೊಟ್ಟ ತೂಕಕ್ಕಿಂತ ಬಹಳ ಕಡಿಮೆ ಬಂದರೆ ತೆಳು ಲೋಹ ಹಾಕಿದ್ದಾರೆ ಎಂದರ್ಥ. ತುದಿಗಳಲ್ಲಿ ಕ್ಯಾಲಿಪರ್ ಹಿಡಿದು ನೋಡಿ. ಲೇಪವನ್ನು ಐದಾರು ಜಾಗದಲ್ಲಿ, ಮುಖ್ಯವಾಗಿ ವೆಲ್ಡಿಂಗ್ ಮೇಲೆ, ಅಳೆಸಿ. ಉಳಿದ ಕಡೆ 65 ಮೈಕ್ರಾನ್ ಇದ್ದು ಸಾಲಿನ ಮೇಲೆ ಮಾತ್ರ ತೀರಾ ಕಡಿಮೆ ಬಂದರೆ ಅದ್ದಿದ ಮೇಲೆ ಬೆಸೆದಿದ್ದಾರೆ. ಅಲ್ಯೂಮಿನಿಯಂ ಎಂದು ಕೊಟ್ಟ ತೊಟ್ಟಿಯ ಒಳಗಿನ ಅಡ್ಡಪಟ್ಟಿಗಳಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅಲ್ಲಿ ತಡೆಯ ಪಟ್ಟಿ ಇದೆಯೇ ಎಂದು ಕೇಳಿ.

ಹೊರೆ ಹೇರಿ, ಸಮತಟ್ಟು ನೆಲದಲ್ಲಿ, ಕಪ್ಲರ್ ಅನ್ನು ಹಿಚ್‌ನಷ್ಟೇ ಎತ್ತರಕ್ಕೆ ತಂದು, ಅದರಡಿ ಮರದ ತುಂಡು ಕೊಟ್ಟು ಮೈತೂಕದ ಯಂತ್ರದ ಮೇಲೆ ಇಳಿಸಿ. ಒಟ್ಟು ತೂಕದ ಹತ್ತನೇ ಒಂದರ ಆಸುಪಾಸು ಬರಬೇಕು, ಗಾಡಿಯ ಹಿಚ್ ಮಿತಿಯನ್ನೂ ದಾಟಬಾರದು. ತೀರಾ ಕಡಿಮೆಯಾದರೆ ಹೆದ್ದಾರಿ 66ರ ವೇಗದಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ. ದೋಣಿಯ ಎಂಜಿನ್ ಹಿಂದೆ ಇರುವುದರಿಂದ ಇದು ಅಲ್ಲೇ ಹೆಚ್ಚು. ಆಕ್ಸಲ್ ಅನ್ನು ಬೋಲ್ಟಿನಲ್ಲಿ ಕೂರಿಸಿದ್ದರೆ ಸ್ವಲ್ಪ ಹಿಂದಕ್ಕೆ ಸರಿಸಿದರೆ ಸಾಕು, ಬೆಸೆದಿದ್ದರೆ ಕಷ್ಟ. ಮಾಡಿಸುವಾಗಲೇ ಇದನ್ನು ಹೇಳಿಡಿ.

ಹಳೆಯದನ್ನು ಕೊಳ್ಳುವವರು ನೋಡಬೇಕಾದ ಗುರುತುಗಳು: ಬಸಿಯುವ ತೂತಿನಿಂದ ಇಳಿದ ಕಂದು ಗೆರೆ, ಅಂದರೆ ಟ್ಯೂಬಿನ ಒಳಗೆ ತುಕ್ಕು. ಸುತ್ತಿಗೆಯಿಂದ ತಟ್ಟಿದಾಗ ಕಣಕಣ ಎನ್ನದೆ ಮಂಕು ಸದ್ದು. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ಸುತ್ತ ಬಿಳಿ ಪುಡಿ, ವೆಲ್ಡಿಂಗ್ ಅಂಚಿನಲ್ಲಿ ಕಪ್ಪು ಕೂದಲೆಳೆ. ಆ ಎಳೆಗೆ ಡೈ ಪೆನಿಟ್ರಂಟ್ ಹಾಕಿ; ಬಿಳಿ ಡೆವಲಪರ್ ಮೇಲೆ ಕೆಂಪು ಗೆರೆ ಎದ್ದರೆ ಅದು ಬಿರುಕು, ಕೊಳ್ಳಬೇಡಿ. ಹೊಸದಾಗಿ ದಪ್ಪಗೆ ಬಣ್ಣ ಬಳಿದ ಹಳೆ ಟ್ರೇಲರ್ ಮೇಲೆ ಅನುಮಾನ ಇಟ್ಟುಕೊಳ್ಳುವುದು ತಪ್ಪಲ್ಲ.

## ಹಂತ 10: ಮೊದಲ ಮಳೆಗಾಲ

ದೋಣಿ ಇಳಿಸುವ ದಿನ ದಡಕ್ಕೆ ಬಂದ ಕೂಡಲೇ ಟ್ರೇಲರ್ ನೀರಿಗಿಳಿಸಬೇಡಿ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ಉಪ್ಪುನೀರು ಎಳೆದುಕೊಳ್ಳುತ್ತದೆ. ಹಬ್ ಕೈಗೆ ತಣ್ಣಗೆ ಹತ್ತುವ ತನಕ ಕಾಯಿರಿ, ಲೈಟಿನ ಪ್ಲಗ್ ಕಳಚಿ, ಆಮೇಲೆ ಇಳಿಸಿ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ: ಚಾನಲ್ಲಿನ ಒಳಮೈ, ಸ್ಪ್ರಿಂಗಿನ ಪಟ್ಟಿಗಳ ಸಂದು, ಬ್ರೇಕ್ ಡ್ರಮ್. ಬಾವಿಯ ನೀರು ಉಪ್ಪಾಗಿದ್ದರೆ ನಲ್ಲಿ ನೀರು ಹಿಡಿಯಿರಿ. ಕಡಲ ಹತ್ತಿರದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ನಂಬಿಕೆಗೆ ಅರ್ಹವಲ್ಲ.

ಹೊಸ ಗ್ಯಾಲ್ವನೈಸಿಂಗ್ ಮೇಲೆ ಮೊದಲ ಮಳೆಯಲ್ಲಿ ಬಿಳಿ ಬೂದಿ ಕಂಡರೆ ಗಾಬರಿಯಾಗಬೇಕಿಲ್ಲ. ತೊಳೆದು ಗಾಳಿಗೆ ಒಣಗಲು ಬಿಡಿ. ಕೆಂಪು ಕಂಡರೆ ಮಾತ್ರ ಅಲ್ಲಿ ಲೇಪ ಹೋಗಿದೆ ಎಂದು ತಿಳಿದು, ತಿಕ್ಕಿ, ಸತುವಿನ ಪೇಂಟ್ ಹಚ್ಚಿ. ಹೊಸ ಸತುವಿನ ಮೇಲೆ ಸಾದಾ ಎನಾಮಲ್ ಬಳಿಯಬೇಡಿ, ಹಪ್ಪಳದಂತೆ ಏಳುತ್ತದೆ.

ಮೊದಲ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟು, ಯು-ಬೋಲ್ಟು ಮರುಬಿಗಿ ಮಾಡಿ. ಅಲ್ಯೂಮಿನಿಯಂ ಟ್ರೇಲರ್‌ನಲ್ಲಿ ನೈಲಾನ್ ಪಟ್ಟಿ ಕೂತುಕೊಳ್ಳುವುದರಿಂದ ಇನ್ನೊಮ್ಮೆ, 500 ಕಿಲೋಮೀಟರಿಗೆ. ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಹಬ್ ಬಿಚ್ಚಿ ಗ್ರೀಸ್ ಬೆರಳಿಗೆ ತೆಗೆದು ನೋಡಿ. ಬಣ್ಣ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ: ಬರೀ ಗ್ರೀಸ್ ಬದಲಿಸಿ ಮುಚ್ಚಬೇಡಿ, ಬೇರಿಂಗ್ ಮತ್ತು ಸೀಲ್ ಎರಡನ್ನೂ ಹೊಸದು ಹಾಕಿ.